ಹಕಾರ ನುಂಗಿದವರು
ಅಜ್ಜೀಪುರದ ಪ್ರಭುಸ್ವಾಮಿ ಯಳಂದೂರಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮಕ್ಕಳು ಹಾಲನ್ನು ‘ಆಲು’ ಎಂದರೆ ಸಾಕು, ಬೆರಳ ಗೆಣ್ಣಿಗೆ ಬೆತ್ತ ಬೀಳುತ್ತಿತ್ತು. ನಾಲಿಗೆ ತಿದ್ದಲು ಬೇರೆ ದಾರಿಯಿಲ್ಲವೆಂದು ಅವರು ಇಪ್ಪತ್ತು ವರ್ಷದಿಂದ ನಂಬಿದ್ದರು.

“ಒಡೀಬ್ಯಾಡಿ ಸಾ” ಎಂದು ಒಂದು ದಿನ ಅವರ ತರಗತಿಯ ಮಾಲಿನಿ ಅತ್ತಳು.

“ಒಡೆಯುವುದು ಮಡಕೆಯನ್ನು. ಹೊಡೆಯುವುದು ನಿನ್ನನ್ನು” ಎಂದು ಮತ್ತೆ ಬಾರಿಸಿದರು. ಬೆರಳ ಮೂಳೆ ಮುರಿಯಿತು.

ಮರುದಿನ ಅವಳ ಅವ್ವ ಮಹಾದೇವಮ್ಮ ಪಾಠದ ನಡುವೆಯೇ ನುಗ್ಗಿ, ಅದೇ ಬೆತ್ತ ಕಿತ್ತುಕೊಂಡು ಮೇಷ್ಟ್ರ ಬೆನ್ನಿಗೆ, ಮುಖಕ್ಕೆ ಬೀಸಿದಳು. ತುಟಿ ಸೀಳಿ ರಕ್ತ ಅಂಗಿಯ ಮೇಲೆ ಸುರಿಯಿತು. ಮೇಷ್ಟ್ರು ಗೋಡೆಗೊರಗಿ ಕುಸಿದರು. ಅಜ್ಜೀಪುರದಲ್ಲಿ ಬಿಟ್ಟುಬಂದಿದ್ದ ಮಾತು ಬಾಯಿಗೆ ಬಂತು.

“ಒಡೀಬ್ಯಾಡ ಕಣವ್ವ, ಒಡೀಬ್ಯಾಡ.”

ಕೈಗೆ ಪಟ್ಟಿ ಕಟ್ಟಿದ್ದ ಮಾಲಿನಿ ಬಾಗಿಲಲ್ಲಿ ನಿಂತೇ ತಿದ್ದಿದಳು: “ಹೊಡೆಯಬೇಡ ಅನ್ನಿ, ಸಾ.”