ಅಜ್ಜಿ ಬಿಡದ ಪ್ರಾರ್ಥನೆ

ಗೌರಿಬಿದನೂರು ಸ್ಟೇಷನ್ನಿನಲ್ಲಿ ಇವತ್ತು ರಜೆಗೆ ಬಂದ ಸೈನಿಕನೊಬ್ಬ ಹಸಿರು ಟ್ರಂಕು ಹೊತ್ತು ಇಳಿದ. ನಮ್ಮ ಸಾಮು ಚಿಕ್ಕಪ್ಪನೂ ಹೀಗೇ ಬಂದಿಳಿಯುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಗಡಿಯಲ್ಲಿ ಯುದ್ಧ ಶುರುವಾಯಿತು. ಚಿಕ್ಕಪ್ಪ ಅಲ್ಲಿದ್ದರು. ಪ್ರತಿ ಭಾನುವಾರ ನಮ್ಮ ಪುಟ್ಟ ಚರ್ಚಿನಲ್ಲಿ ಅಜ್ಜಿ ಸೆರಗನ್ನು ತಲೆಗೆ ಹೊದ್ದು, "ಕರ್ತನೇ, ನಮ್ಮ ಹುಡುಗರನ್ನ ಕಾಪಾಡಪ್ಪ. ಆ ಕಡೆ ತಾಯಂದಿರ ಮಕ್ಕಳನ್ನೂ ಕಾಪಾಡು" ಎಂದು ಬೇಡುತ್ತಿದ್ದರು. ಕೆಲವರು ಮುಖ ತಿರುಗಿಸಿದರು. "ಇವ್ರು ಯಾರ ಕಡೆ?" ಎಂಬ ಮಾತು ಬೀದಿಯಲ್ಲೂ ಕೇಳಿಬಂತು. ಅಪ್ಪನಿಗೆ ಭಯವಾಗುತ್ತಿತ್ತು.

ಒಂದು ದಿನ ಟೆಲಿಗ್ರಾಂ ಬಂತು. ಚಿಕ್ಕಪ್ಪ ತೀರಿಕೊಂಡಿದ್ದರು.

ಆ ಭಾನುವಾರ ಅಜ್ಜಿ ಚರ್ಚಿಗೆ ಹೊರಟಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತರು. "ಇವತ್ತಾದ್ರೂ ಆ ಮಾತು ಬೇಡಮ್ಮ. ನನ್ ಕೈಲಿ ಕೇಳಕ್ಕಾಗಲ್ಲ."

"ಇವತ್ತು ಬಿಟ್ರೆ ಇಷ್ಟು ದಿನ ಬೇಡಿದ್ದೆಲ್ಲ ಸುಳ್ಳಾಗುತ್ತಲ್ಲಪ್ಪ" ಎಂದರು ಅಜ್ಜಿ.

ಪ್ರಾರ್ಥನೆ "ಆ ಕಡೆ" ಎಂಬಲ್ಲಿಗೆ ಬಂದಾಗ ಅವರ ದನಿ ನಿಂತುಹೋಯಿತು. ಕೊನೆಗೆ ಅಪ್ಪನೇ ಅಳುತ್ತಾ, "ತಾಯಂದಿರ ಮಕ್ಕಳನ್ನೂ ಕಾಪಾಡು" ಎಂದು ಮುಗಿಸಿದರು.

ಈ ಸಂಜೆ ಗಡಿಯಲ್ಲಿ ಆ ಕಡೆಯ ಸೈನಿಕರು ಸತ್ತ ಸುದ್ದಿಯನ್ನು ಟಿವಿಯಲ್ಲಿ ನೋಡಿ ನನ್ನ ಮೊಮ್ಮಗ ಚಪ್ಪಾಳೆ ತಟ್ಟಿದ. ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಕೂತೆ.