ಕುರ್ಚಿಯ ಮೇಲಿನ ಕವಾಯತು

ಇಳಕಲ್ಲಿನ ನಮ್ಮ ಶಾಲೆಯ ಕವಾಯತು ಮಾಸ್ತರರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೂತಲ್ಲೇ ಬೆರಳನ್ನಷ್ಟೇ ಕೆಳಗೆ ಬಗ್ಗಿಸಿ, "ನಾ ಮಾಡಿದಂಗ ಮಾಡ್ರಲೇ, ಮೈ ಜಡ್ಡುಗಟ್ಟೀತು!" ಎನ್ನುತ್ತಿದ್ದರು. ನಸುಕಿನಿಂದ ಮಗ್ಗದ ಕುಣಿಯಲ್ಲಿ ಕಾಲಾಡಿಸಿ ಬಂದ ನಾವು, ನೇಕಾರರ ಮಕ್ಕಳು, ಬಗ್ಗುತ್ತಿದ್ದೆವು.

ಒಮ್ಮೆ ತಪಾಸಣೆಗೆ ಸಾಹೇಬರು ಕುದುರೆಯೇರಿ ಬಂದರು. ಅವರ ಷರಾ ಕೆಟ್ಟರೆ ಮಾಸ್ತರರ ನೌಕರಿಗೇ ಕುತ್ತು. ಇದ್ದೊಂದು ಕುರ್ಚಿ ಸಾಹೇಬರಿಗೆ ಹೋಯಿತು. ಮಾಸ್ತರರು ಮೊದಲ ಸಲ ನಿಂತು, "ನಾ ಮಾಡಿದಂಗ ಮಾಡ್ರಪಾ" ಎಂದು ಪಾದ ಮುಟ್ಟಲು ಬಗ್ಗಿದರು. ಅರ್ಧಕ್ಕೇ ಸೊಂಟ ಹಿಡಿದುಕೊಂಡು, "ಅಯ್ಯಯ್ಯೋ ಶಿವನ!" ಎಂದರು. ನಾವೂ ಅರ್ಧಕ್ಕೇ ಬಗ್ಗಿ, ಸೊಂಟ ಹಿಡಿದು, ಒಂದೇ ದನಿಯಲ್ಲಿ "ಅಯ್ಯಯ್ಯೋ ಶಿವನ!" ಎಂದೆವು.

ಸಾಹೇಬರು ತಲೆದೂಗಿದರು. "ಭಾಳ ಛಲೋ ಕಲಿಸೀರಿ, ಮಾಸ್ತರ."

ಮರುದಿನ ಮಾಸ್ತರರು ಕುರ್ಚಿಯಿಂದಲೇ ಬೆರಳೆತ್ತಿದರು: "ಹೂಂ, ಸೊಂಟ ಹಿಡೀರಿ. ಇನ್ನ ನರಳ್ರಿ."