ಬದುವಿನ ಮೇಲೆ ಸದ್ದಿಲ್ಲದೆ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ ಮಕ್ಕಳೇ. ನಿಮ್ಮ ಅಜ್ಜನ ಮುಖಕ್ಕಿಂತ ಅವರ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ. ಗೋಡೆಯ ಫೋಟೋದಲ್ಲಿ ಅವರು ಸ್ಟುಡಿಯೋದವನಿಗೆ ಹೆದರಿದವರ ಹಾಗೆ ಕೂತಿದ್ದಾರೆ. ಆ ಮುಖ ಅವರದೇ ಎಂದು ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಬೆನ್ನಿನ ವಿಷಯ ಹಾಗಲ್ಲ. ಎಡ ಹೆಗಲಿನ ಟವೆಲು, ಅಂಗಿಯಲ್ಲಿ ಮೊದಲು ಬೆವರು ಮೂಡುವ ಜಾಗ, ಬಲಕ್ಕೆ ಸ್ವಲ್ಪ ವಾಲಿದ ನಡಿಗೆ, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳಬಲ್ಲೆ. ಸುಳ್ಳ ಎಂಬ ನಮ್ಮೂರಿನ ಮನೆಯಿಂದ ಹೊಲದವರೆಗೆ ಮೂವತ್ತಾರು ವರ್ಷ ನಾನು ಆ ಬೆನ್ನಿನ ಹಿಂದೆ ನಡೆದವಳು.

ಬದುವಿನ ಮೇಲೆ ಇಬ್ಬರು ಜೊತೆಯಾಗಿ ನಡೆಯಲು ಆಗುವುದಿಲ್ಲ, ನಿಜ. ಆದರೆ ಅದಕ್ಕೂ ಮೊದಲಿನ ಬಂಡಿದಾರಿ ಅಗಲವಾಗಿಯೇ ಇತ್ತು. ಅಲ್ಲಿಯೂ ಅವರು ನಾಲ್ಕು ಹೆಜ್ಜೆ ಮುಂದೆ. ನಾಲು ಹೊಡೆಸಿದ ಚಪ್ಪಲಿಯಲ್ಲಿ ಧಪ್ ಧಪ್ ಎಂದು ನೆಲ ತುಳಿಯುತ್ತ, ಕೈಯ ಕೋಲಿನಿಂದ ಅತ್ತ ಇತ್ತ ಬಡಿಯುತ್ತ, ಯಾರ ಮೇಲೋ ಸಿಟ್ಟಾದವರಂತೆ ಹೋಗುತ್ತಿದ್ದರು. ಒಂದು ದಿನವೂ ಹಿಂತಿರುಗಿ ನೋಡಲಿಲ್ಲ. ಹೊಸದಾಗಿ ಮದುವೆಯಾದಾಗ, ನಾನು ಇವರಿಗೆ ಸೇರಿಲ್ಲ ಎಂದುಕೊಂಡೆ. ಎರಡು ಮಕ್ಕಳಾದ ಮೇಲೆ, ಇದು ಇವರ ರೂಢಿ ಎಂದುಕೊಂಡೆ. ಕೇಳಬಹುದಿತ್ತು. ಆದರೆ ಮನೆಗೆ ಬಂದವರಿಗೆ ನೀರಿನ ತಂಬಿಗೆ ಕೊಟ್ಟು ಬಾಗಿಲ ಹಿಂದೆ ನಿಲ್ಲುವ ಹೆಂಗಸು ಇಂಥದ್ದನ್ನೆಲ್ಲ ಕೇಳುವುದುಂಟೆ? ಅವರು ಹೋಗಿ ಮೂರು ವರ್ಷವಾಯಿತು. ಹೋದ ಮೇಲೆ ಆ ಪ್ರಶ್ನೆ ಮತ್ತೆ ಎಳೆಯದಾಗಿ ಬಂದು ಕೂತಿತು. ಒಂದು ಸಲ, ಒಂದೇ ಸಲ, ತಿರುಗಿ ನೋಡಬಾರದಿತ್ತೆ?

ನಿಮ್ಮ ಅಕ್ಷತಕ್ಕ ಕಪ್ಪೆ ಎಣಿಸುವ ಕೆಲಸಕ್ಕೆ ಕೈ ಹಾಕದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಧಾರವಾಡದಲ್ಲಿ ಅವಳು ಓದುವುದು ಪ್ರಾಣಿಗಳ ಶಾಸ್ತ್ರ. ಉಳುವ ಹೊಲದಲ್ಲಿ ಎಂಥ ಕಪ್ಪೆ, ಹಾವು, ಹಲ್ಲಿಗಳಿವೆ, ಕಲಘಟಗಿ ಕಡೆಯ ಕಾಡಿನಲ್ಲಿ ಎಂಥವಿವೆ ಎಂದು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ನಡೆದು ನೋಡಿ ಬರೆದುಕೊಳ್ಳಬೇಕಂತೆ. ಕಾಡು ಗೊತ್ತುಮಾಡಿಯಾಗಿತ್ತು, ಇನ್ನು ಹೊಲ ಬೇಕಾಗಿತ್ತು.

“ಅಜ್ಜಿ, ನಮ್ಮ ಸುಳ್ಳದ ಹೊಲಾ ನಡೀತೈತೇನು?” ಎಂದು ಕೇಳಿದಳು.

ನಾನು ನವನಗರದ ಅವಳ ತಾಯಿಯ ಮನೆಗೆ ಬಂದಾಗಿನಿಂದ ಆ ಹೊಲ ನೋಡಿರಲಿಲ್ಲ. ಪಕ್ಕದ ಹೊಲದ ಫಕೀರಪ್ಪ, ನಿಮ್ಮ ಅಜ್ಜನನ್ನು ಅಣ್ಣ ಎಂದು ಕರೆಯುತ್ತಿದ್ದವನು, ಈಗ ಅದನ್ನು ಸಾಗು ಮಾಡುತ್ತಿದ್ದಾನೆ. ಮುಂದೆ ಬೆನ್ನಿಲ್ಲದ ಆ ದಾರಿಯಲ್ಲಿ ಹೇಗೆ ಹೋಗುವುದೆಂದು ನನಗೆ ತಿಳಿದಿರಲಿಲ್ಲ. ಆದರೆ ಹೋಗಬೇಕೆನ್ನುವ ಆಸೆ ಒಳಗೇ ಕುದಿಯುತ್ತಿತ್ತು. “ನಾನೂ ಬರ್ತೇನಿ” ಎಂದೆ. ಅದನ್ನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಅವಳು ಮೂರು ಸಲ ಕೇಳಿಸಿಕೊಳ್ಳಬೇಕಾಯಿತು.

ಹೊರಡುವ ಮುಂಚೆ ಹೊಲದವರನ್ನು ಕೆಲವು ಪ್ರಶ್ನೆ ಕೇಳುವ ಪದ್ಧತಿಯಂತೆ. ನನ್ನನ್ನು ಹೊಲದವಳೆಂದು ಕೂರಿಸಿಕೊಂಡು ಪೆನ್ನು ಹಿಡಿದಳು.

“ನಿಮ್ಮ ಹೊಲದಾಗ ಯಾವ್ಯಾವ ಹಾವು ನೋಡೀದಿ?”

“ಒಂದೂ ನೋಡಿಲ್ಲ.”

“ಮೂವತ್ತಾರು ವರ್ಷದಾಗ ಒಂದೂ?”

“ನಮ್ಮ ಹೊಲಾ ಛಲೋ ಹೊಲಾ ಐತಿ, ನನ್ನವ್ವಾ. ಮಂದಿ ಹೊಲದಾಗ ಇರ್ತಾವಂತ.”

ಅವಳು ನಕ್ಕು ಹಾಗೆಯೇ ಬರೆದುಕೊಂಡಳು. ಏಳನೇ ಇಯತ್ತೆಯವರೆಗೆ ಓದಿದವಳು ನಾನು, ನನಗೂ ಒಂದಿಷ್ಟು ಶಾಸ್ತ್ರ ಗೊತ್ತು ಎಂದು ತೋರಿಸಬೇಡವೆ? ಪಂಚಾಂಗದ ಕೊನೆಯ ಪುಟ ತೆಗೆದು ಹಲ್ಲಿ ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಎಂದು ಓದಿ ಹೇಳಿದೆ. “ಯಾವ ಜಾತಿ ಹಲ್ಲಿ ಅಂತ ಬರದೈತೇನು?” ಎಂದಳು. “ಬಿದ್ದ ಜಾಗಾ ಮುಖ್ಯ, ಜಾತಿ ತಗೊಂಡು ಏನ್ ಮಾಡ್ತಿ?” ಎಂದೆ. ಅವಳು ತುಸು ಯೋಚಿಸಿ, “ಖರೇ ಐತಿ. ನಾವೂ ಮೊದಲು ಜಾಗಾನ ಬರೀತೇವಿ” ಎಂದಳು. ಹಾಗೆ ಎರಡು ಶಾಸ್ತ್ರಗಳ ನಡುವೆ ಜಗಳವಾಗದೆ ಸಂಜೆಯ ಬಸ್ಸು ಹಿಡಿದೆವು.

ಹೆಸರು ಬೆಳೆ ಮೊಣಕಾಲೆತ್ತರಕ್ಕೆ ಬಂದಿತ್ತು. ಬದುವಿನ ಬಳಿ ನಿಂತಿದ್ದ ಫಕೀರಪ್ಪ ನನ್ನನ್ನು ನೋಡಿ ಟೊಪ್ಪಿಗೆ ಸರಿಮಾಡಿಕೊಂಡ.

“ಮೂರು ವರ್ಷದ ಮ್ಯಾಲೆ ನಮ್ಮ ವೈನಿ ಬೆಳಿ ನೋಡಾಕ ಬಂದ್ರು ಅಂತ ಖುಷಿಪಟ್ಟೆ. ಕಪ್ಪಿ ನೋಡಾಕ ಬಂದೀರಂತಲ್ರಿ! ಊರ ಮಂದಿ ಕೇಳಿದ್ರ ಏನಂತ ಹೇಳ್ಲಿ?”

ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ‘ಕಪ್ಪಿಯಾದ್ರೂ ಮಳಿಗಾಲಕ್ಕೊಮ್ಮೆ ಕೂಗಿ ಮಾತಾಡಸ್ತಾವ, ಊರ ಮಂದಿ ಅದನ್ನೂ ಮಾಡೂದಿಲ್ಲ’ ಎಂಬ ತಕ್ಕ ಉತ್ತರ ನನಗೂ ಹೊಳೆಯಿತು. ಆದರೆ ಅದು ಹೊಳೆದದ್ದು ವಾಪಸು ಬರುವಾಗ, ಬಸ್ಸಿನಲ್ಲಿ.

ಹೊತ್ತು ಮುಳುಗಿತು. ಅಕ್ಷತಾ ಗಂಬೂಟು ಹಾಕಿ, ಹಣೆಗೆ ಬ್ಯಾಟರಿ ಕಟ್ಟಿಕೊಂಡು ಮುಂದಾದಳು. ನಾನು ಹಿಂದೆ. ಹತ್ತು ಹೆಜ್ಜೆ ಹೋಗುವುದರೊಳಗೆ ಅವಳು ಗಕ್ಕನೆ ತಿರುಗಿದಳು.

“ಅಜ್ಜಿ! ಕಾಲು ಯಾಕ ಬಡೀತಿ? ಎಲ್ಲಾ ಓಡಿಹೋದ್ವು ನೋಡು.”

ಬಡಿಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಹೊಲದಲ್ಲಿ ನಡೆಯುವುದೆಂದರೆ ಹಾಗೆಯೇ ಎಂದು ನನ್ನ ಕಾಲುಗಳು ಆ ಮುಂದಿನ ಕಾಲುಗಳಿಂದ ಕಲಿತುಬಿಟ್ಟಿದ್ದವು. ತಪ್ಪಾಯಿತೆಂದು ಹೇಳಿ ನಾಲ್ಕು ಹೆಜ್ಜೆ ಮೆತ್ತಗೆ ಇಟ್ಟೆ. ಐದನೆಯದು ಧಪ್. “ಇನ್ನೊಮ್ಮೆ ಸಪ್ಪಳಾ ಮಾಡಿದ್ರ ಫಕೀರಪ್ಪಜ್ಜನ ಗುಡಿಸಲದಾಗ ಕುಂದ್ರಸಿ ಬರ್ತೇನಿ” ಎಂದಳು. ಅವಳ ತಾಯಿ ಚಿಕ್ಕವಳಿದ್ದಾಗ ನಾನು ಹೀಗೆಯೇ ಹೆದರಿಸುತ್ತಿದ್ದೆ. ಆ ದಿನ ಅವಳ ಹಾಳೆಯ ಮುಕ್ಕಾಲು ಭಾಗ ಖಾಲಿ ಉಳಿದದ್ದು ನನ್ನ ಪಾದಗಳ ಪುಣ್ಯದಿಂದ.

ಮೂರನೆಯ ಸಂಜೆಗೆ ಕಾಲು ಹದಕ್ಕೆ ಬಂತು. ಮಲಗಿದ ಕೂಸಿನ ತೊಟ್ಟಿಲ ಪಕ್ಕ ಹಾಯುವ ಹಾಗೆ ನಡೆಯಬೇಕು, ಅಷ್ಟೆ. ಹಾಗೆ ನಡೆದಾಗ ನನ್ನ ಹೊಲ ನನಗೆ ಮೊದಲ ಸಲ ಕಂಡಿತು. ಕಣ್ಣ ಸುತ್ತ ಬಂಗಾರದ ಗೆರೆಯಿದ್ದ ಕಪ್ಪೆಗಳು ಕಂಡವು. ಜಾಲಿಯ ಟೊಂಗೆ ತಬ್ಬಿ ನಿದ್ದೆ ಹೋಗಿದ್ದ ಓತಿಕ್ಯಾತ ಕಂಡಿತು. ಬದುವಿನ ಬುಡದಲ್ಲಿ ಯಾರೋ ಮರೆತುಹೋದ ಸಿಂಬೆಯೊಂದು ಬಿದ್ದಿತ್ತು, ನಾವು ತಲೆಯ ಮೇಲೆ ಕೊಡ ಇಡುವ ಸಿಂಬೆ. ಎತ್ತಿಕೊಳ್ಳೋಣವೆಂದು ಬಗ್ಗಿದೆ. ಅಕ್ಷತಾ ನನ್ನ ರಟ್ಟೆ ಹಿಡಿದಳು.

“ಕೊಳಕಮಂಡಲ,” ಎಂದಳು, ಬೀಗರ ಪರಿಚಯ ಮಾಡಿಕೊಡುವಷ್ಟು ಮೆಲ್ಲಗೆ.

ದೂರ ಸರಿದು ಕೂತ ಮೇಲೆ, “ಇದು ಎಲ್ಲಿಂದ ಬಂತು?” ಎಂದೆ.

“ಎಲ್ಲಿಂದನೂ ಬಂದಿಲ್ಲ. ಇಲ್ಲೇ ಇರ್ತಾವ. ಕಾಡಿನ್ಯಾಗ ಕಪ್ಪಿ ಜಾತಿ ಹೆಚ್ಚು ಸಿಕ್ಕಾವ, ಆದ್ರ ಹಾವಿನ ಮಟ್ಟಿಗೆ ನಿನ್ನ ಛಲೋ ಹೊಲಾ ಏನೂ ಕಡಿಮಿ ಇಲ್ಲ.”

“ಮತ್ತ ನನಗ್ಯಾಕ ಒಂದೂ ಕಾಣಲಿಲ್ಲ?”

“ಹಾವಿಗೆ ನಮ್ಮಂಗ ಕಿವಿ ಇಲ್ಲಜ್ಜಿ. ನೆಲಾ ನಡುಗಿದ್ದು ಮೈಗೆ ತಿಳೀತೈತಿ. ಜೋರ ತುಳಕೊಂತ ಹೋದ್ರ ಭಾಳ ಹಾವು ಮೊದಲ ಸರಕೊಂತಾವ. ಎಲ್ಲಾ ಅಲ್ಲ ಮತ್ತ. ಈ ಮಂಡಲ ಕುಂತಲ್ಲೇ ಕುಂದ್ರತೈತಿ. ಇದಕ್ಕ ಸಪ್ಪಳಾ ಸಾಲೂದಿಲ್ಲ, ಕಣ್ಣ ಬೇಕು.”

ಅವಳು ತನ್ನ ಹಾಳೆಗೆ ಬಾಗಿದಳು. ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಹೇಳಬಾರದು, ಹುಳ ಎನ್ನಬೇಕು ಎಂದು ನಮ್ಮತ್ತೆ ಹೇಳುತ್ತಿದ್ದರು. ಅವರ ಮಗ, ನಿಮ್ಮ ಅಜ್ಜ, ಹುಳ ಎಂದು ಕೂಡ ಹೇಳಲಿಲ್ಲ. ಮೂವತ್ತಾರು ವರ್ಷ ನನ್ನಿಂದ ‘ಛಲೋ ಹೊಲಾ’ ಎನ್ನಿಸಿದರು. ನನ್ನ ಅರ್ಧ ಸಿಟ್ಟು ಅಲ್ಲಿಯೇ ಇಳಿಯಿತು. ಇನ್ನರ್ಧ ಇಟ್ಟುಕೊಂಡೆ. ಹಾವಿನ ಸಲುವಾಗಿ ಮುಂದೆ ನಡೆದರು, ಸರಿ. ಆದರೆ ಹಾವಿಗಾಗಿ ಸದಾ ಎಚ್ಚರವಿದ್ದವರಿಗೆ ಹೆಂಡತಿಯ ಸಲುವಾಗಿ ಒಂದು ಸಲ ಕತ್ತು ತಿರುಗಿಸಲು ಏನಾಗುತ್ತಿತ್ತು?

ಕೊನೆಯ ಸಂಜೆ ಮಳೆ ಹಿಡಿಯಿತು. ಎರೆಮಣ್ಣಿನ ಗುಣ ನಿಮಗೆ ಗೊತ್ತಿಲ್ಲ. ನೆನೆದರೆ ಅದು ಹೋಗುವವರ ಕಾಲು ಹಿಡಿದು ಇರು ಇರು ಎನ್ನುತ್ತದೆ. ಕೆಲಸ ಮುಗಿಸಿ ರಸ್ತೆಗೆ ಮರಳುವಾಗ ಅಕ್ಷತಾಳ ಗಂಬೂಟು ಕೆಸರಿನಲ್ಲಿ ಹುಗಿದು, ಕಾಲು ಮಾತ್ರ ಹೊರಗೆ ಬಂತು. ಬೂಟುಗಳನ್ನು ಕಿತ್ತು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತಳು. ಆ ಬಿಳಿಯ ಪಾದ ನೋಡಿ ನನ್ನ ನಾಚಿಕೆಯೆಲ್ಲ ಎಲ್ಲಿ ಹೋಯಿತೋ!

“ಬ್ಯಾಟರಿ ಇಲ್ಲಿ ಕೊಡು. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಡು” ಎಂದೆ.

ತಲೆಯ ಸೆರಗಿನ ಮೇಲೆ ಬ್ಯಾಟರಿ ಕಟ್ಟಿಕೊಂಡು ಮುಂದೆ ನಿಂತೆ. ಈ ಸಲ ನನ್ನನ್ನು ಯಾರೂ ತಡೆಯುವಂತಿರಲಿಲ್ಲ. ಧಪ್, ಧಪ್.

ಅವಳು ಹಿಂದಿನಿಂದ ಏನೇನೋ ಕೇಳುತ್ತಿದ್ದಳು. ನಾನು ಹೂಂ ಎನ್ನಲೂ ಇಲ್ಲ. ಕಣ್ಣು ನೆಲಕ್ಕೆ ನೆಟ್ಟಿತ್ತು. ತಲೆ ತಿರುಗಿಸಿದರೆ ಬೆಳಕೂ ದಾರಿ ಬಿಟ್ಟು ತಿರುಗುತ್ತದೆ. “ಅಜ್ಜಿ, ಸಿಟ್ಟು ಬಂತೇನು? ತಿರುಗಿ ಸೈತ ನೋಡವಲ್ಲಿ” ಎಂದಳು. ನೋಡುವ ಅಗತ್ಯವೇ ಇರಲಿಲ್ಲ. ಅವಳು ಎಡಗಾಲಿನ ಮೇಲೆ ಭಾರ ಹಾಕುತ್ತಿದ್ದಾಳೆ, ಚಳಿಗೆ ಮೂಗು ಏರಿಸುತ್ತಿದ್ದಾಳೆ, ಎರಡು ಮೊಳ ಹಿಂದೆ ಬಿದ್ದಿದ್ದಾಳೆ, ಎಲ್ಲವೂ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಬಂಡಿದಾರಿಗೆ ಬಂದ ಮೇಲೆ ಒಮ್ಮೆ ಅವಳ ಹೆಜ್ಜೆಯ ಸದ್ದು ನಿಂತಿತು. ಮುಳ್ಳು ತುಳಿದಿರಬೇಕು. ನಾನು ನಿರ್ಧರಿಸುವ ಮೊದಲೇ ನನ್ನ ಕಾಲೂ ನಿಂತಿತು. ಬೆಳಕು ದಾರಿಯ ಮೇಲಿಟ್ಟು, ಅವಳಿಗೆ ಬೆನ್ನು ಹಾಕಿ, ಕಾಯುತ್ತ ನಿಂತೆ.

ಹಾಗೆ ನಿಂತಾಗಲೇ ಒಂದು ನೆನಪಾಯಿತು. ನನ್ನ ಕಾಲಿಗೂ ಎಷ್ಟೋ ಸಲ ಮುಳ್ಳು ಚುಚ್ಚುತ್ತಿತ್ತು. ಕರೆಯಲು ನಾಚಿ, ಅಲ್ಲೇ ಕೂತು ಕಿತ್ತುಕೊಳ್ಳುತ್ತಿದ್ದೆ. ತಲೆಯೆತ್ತಿದರೆ ನಾಲ್ಕು ಹೆಜ್ಜೆ ಮುಂದೆ ನಿಮ್ಮ ಅಜ್ಜ ನಿಂತಿರುತ್ತಿದ್ದರು, ಬೆನ್ನು ನನ್ನ ಕಡೆಗೆ, ಮುಖ ಮೇಲಕ್ಕೆ. ನಾನು ಎದ್ದ ಮೇಲೆಯೇ ಮುಂದಿನ ಹೆಜ್ಜೆ. ಮೋಡ ನೋಡುತ್ತಿದ್ದಾರೆ, ಒಕ್ಕಲಿಗರಿಗೆ ಅದೊಂದು ಚಟ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಎಷ್ಟು ದಡ್ಡಿ ನೋಡಿ ನಾನು. ಸುಡು ಬೇಸಿಗೆಯಲ್ಲಿ, ಒಂದೂ ಮೋಡವಿಲ್ಲದ ಆಕಾಶವನ್ನು ಅವರು ಅಷ್ಟೊಂದು ಹೊತ್ತು ನೋಡುತ್ತಿದ್ದರು.